ಮಳೆ, ಮಾಸ್ಟರ್ ಪ್ಲಾನ್, ವಾರ್ಡ್ ಸಮಿತಿ: ಬೆಂಗಳೂರಿನ ಹವಾಮಾನ ಯೋಜನೆಯಲ್ಲಿ ನಿವಾಸಿಗಳ ಪಾಲೆಷ್ಟು?

2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನಕ್ಕೆ 131.6 ಮಿಲಿಮೀಟರ್ ಮಳೆ ಸುರಿದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚ್‌ನಲ್ಲಿ, ಬೋರ್‌ವೆಲ್‌ಗಳು ಬತ್ತಿ ಅದೇ ಕಡೆಯ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ದಾರಿ ಕಾಯತೊಡಗಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಏಪ್ರಿಲ್ ಕೊನೆಗೆ ಬಿಸಿಲು 38.5 ಡಿಗ್ರಿ ಮುಟ್ಟಿತು. ಜೂನ್ 2ರಂದು 111.1 ಮಿ.ಮೀ. ಮಳೆ ಬಂತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷಗಳಲ್ಲೇ ಹೆಚ್ಚಿನದು. ಬರ, ಬಿಸಿಲು, ನೆರೆ ಮೂರೂ ಬಂದದ್ದು ಮೂರು ತಿಂಗಳ ಅಂತರದಲ್ಲಿ.

ಇತ್ತ ಆಡಳಿತದ ನಕ್ಷೆಯೂ ಬದಲಾಗಿದೆ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಅದರ ಜಾಗಕ್ಕೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದಿವೆ. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ, ಕೂತಿದೆ. ವಾರ್ಡ್‌ಗಳ ಗಡಿ ಹೊಸದು, ಮಾಸ್ಟರ್ ಪ್ಲಾನ್ ಕೂಡ ಹೊಸದಾಗಿ ಬರಬೇಕಿದೆ. ‘ಹವಾಮಾನಕ್ಕೆ ತಕ್ಕ ನಗರ ಯೋಜನೆ’, ‘ನಾಗರಿಕರ ಸಹಭಾಗಿತ್ವ’ ಎಂಬ ಮಾತುಗಳು ಈಗ ಪ್ರತಿ ಸಭೆಯಲ್ಲೂ ಕೇಳಿಸುತ್ತವೆ. ಈ ಎರಡು ಮಾತುಗಳ ಒಳಗೆ ಏನಿದೆ, ಒಂದಕ್ಕೊಂದು ಹೇಗೆ ಸೇರುತ್ತವೆ, ಬಾಡಿಗೆ ಮನೆಯಲ್ಲೋ ಸ್ವಂತ ಸೈಟಿನಲ್ಲೋ ಇರುವ ಒಬ್ಬರು ಇದರಲ್ಲಿ ಎಲ್ಲಿ ಕೈ ಹಾಕಬಹುದು ಎಂಬುದನ್ನು ಬುಡದಿಂದ ನೋಡೋಣ.

ಹವಾಮಾನಕ್ಕೂ ಸೈಟಿಗೂ ಏನು ನಂಟು?

ಹವಾಮಾನ ಯೋಜನೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಒಂದು, ಭೂಮಿಯನ್ನು ಬಿಸಿ ಮಾಡುವ ಅನಿಲಗಳು ನಮ್ಮಿಂದ ಹೊರಹೋಗುವುದನ್ನು ಕಡಿಮೆ ಮಾಡುವುದು. ಇದಕ್ಕೆ ಉಪಶಮನ ಎನ್ನುತ್ತಾರೆ. ಎರಡು, ಈಗಾಗಲೇ ಬದಲಾಗಿರುವ ಮಳೆ-ಬಿಸಿಲುಗಳನ್ನು ಊರು ತಾಳಿಕೊಳ್ಳುವಂತೆ ಮಾಡುವುದು. ಇದಕ್ಕೆ ಹೊಂದಾಣಿಕೆ ಎಂದು ಹೆಸರು. ಬಸ್ಸು ಹೆಚ್ಚಿಸುವುದು ಮೊದಲನೆಯದಕ್ಕೆ ಸೇರುತ್ತದೆ, ಮಳೆನೀರು ಹರಿಯುವ ರಾಜಕಾಲುವೆಗಳ ಒತ್ತುವರಿ ಬಿಡಿಸುವುದು ಎರಡನೆಯದಕ್ಕೆ.

ಬೆಂಗಳೂರಿಗೆ ಇಂಥದ್ದೊಂದು ಲಿಖಿತ ಯೋಜನೆ ಇದೆ. 2023ರ ನವೆಂಬರ್‌ನಲ್ಲಿ ಅಂದಿನ ಬಿಬಿಎಂಪಿ ‘ಬೆಂಗಳೂರು ಹವಾಮಾನ ಕ್ರಿಯಾ ಯೋಜನೆ’ಯನ್ನು ಹೊರತಂದಿತು. ಜಗತ್ತಿನ ದೊಡ್ಡ ನಗರಗಳ ಒಕ್ಕೂಟವಾದ ಸಿ40ರ ಸದಸ್ಯನಾಗಿ ಕೊಟ್ಟ ಮಾತಿನ ಭಾಗ ಅದು. 2050ರ ಹೊತ್ತಿಗೆ ನಗರ ‘ನಿವ್ವಳ ಶೂನ್ಯ’ ತಲುಪಬೇಕು ಎಂಬುದು ಅದರ ಗುರಿ. ನಾವು ಗಾಳಿಗೆ ಬಿಡುವ ಅನಿಲವೂ ಮರ-ಮಣ್ಣುಗಳು ಹೀರಿಕೊಳ್ಳುವುದೂ ಸರಿದೂಗುವ ಸ್ಥಿತಿಯೇ ನಿವ್ವಳ ಶೂನ್ಯ. ದೇಶಕ್ಕೆ ಇರುವ ಗಡುವು 2070. ಬೆಂಗಳೂರು ಅದಕ್ಕಿಂತ 20 ವರ್ಷ ಮುಂಚೆ ಎಂದಿದೆ. ಕಟ್ಟಡಗಳ ವಿದ್ಯುತ್ತು, ಸಾರಿಗೆ, ಕಸ, ನೀರು, ಗಾಳಿ, ಹಸಿರು, ವಿಪತ್ತು ನಿರ್ವಹಣೆ, ನಗರ ಯೋಜನೆ ಎಲ್ಲವೂ ಅದರಲ್ಲಿವೆ. ಪಟ್ಟಿ ಮಾಡಿದ ಕೆಲಸಗಳು 266.

ಇದಕ್ಕೂ ಒಂದು ಸೈಟಿಗೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತು ಅಡಿಯ ಸೈಟು ಎಂದರೆ ಸುಮಾರು 111 ಚದರ ಮೀಟರ್. 2024ರ ಜೂನ್ 2ರ ಮಳೆ 111 ಮಿ.ಮೀ. ಗುಣಿಸಿದರೆ 12,000 ಲೀಟರಿಗೂ ಹೆಚ್ಚು. ಅಂದರೆ ದೊಡ್ಡ ಟ್ಯಾಂಕರ್ ಒಂದರ ತುಂಬ ನೀರು ಆ ಒಂದು ದಿನ ಪ್ರತಿ ಸೈಟಿನ ಮೇಲೂ ಬಿದ್ದಿತು. ಅದೇ 12,000 ಲೀಟರ್ ಟ್ಯಾಂಕರ್‌ಗೆ ಮಾರ್ಚ್‌ನಲ್ಲಿ ಆಡಳಿತವೇ ದರ ಕಟ್ಟಬೇಕಾಗಿ ಬಂದಿತ್ತು: ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ. ಸೈಟಿನ ಅಂಚಿನವರೆಗೂ ಸಿಮೆಂಟು ಹಾಕಿ, ಮುಂದಿನ ರಸ್ತೆಯನ್ನೂ ಸಿ.ಸಿ. ರಸ್ತೆ ಮಾಡಿದ್ದರೆ ಆ ನೀರು ಮಣ್ಣಿಗಿಳಿಯದೆ ಚರಂಡಿಗೆ ಓಡುತ್ತದೆ. ಸಾವಿರಾರು ಸೈಟುಗಳಿಂದ ಹೀಗೆ ಓಡಿದ ನೀರು ತಗ್ಗಿನ ಬಡಾವಣೆಯಲ್ಲಿ ನೆರೆ. ಮಣ್ಣಿಗೆ ಇಳಿಯದೇ ಹೋದದ್ದು ಮುಂದಿನ ಬೇಸಿಗೆಗೆ ಬತ್ತಿದ ಬೋರ್‌ವೆಲ್.

ಇನ್ನೊಂದು ಎಳೆಯೂ ಇದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರ, ಹಂತ ಹಂತವಾಗಿ ಪಂಪಾಗಿ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿನದೇ. ಚಾವಣಿಯ ನೀರನ್ನು ನೆಲದಡಿಯ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಸಿಕೊಂಡ ಮನೆ ಅಷ್ಟು ಕರೆಂಟನ್ನೂ ಉಳಿಸಿತು ಎಂದೇ ಲೆಕ್ಕ. ಉಪಶಮನ, ಹೊಂದಾಣಿಕೆ ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ ಬರೆದರೂ ಮನೆಯ ಸಂಪಿನಲ್ಲಿ ಅವೆರಡೂ ಒಂದೇ. ಹೊಸದಾಗಿ ಕಟ್ಟುವ 30x40ರ ಮನೆಗೂ 40x60ರ ಹಳೆಯ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ ಎಂಬ ನಿಯಮ 2009ರಿಂದಲೂ ಇದೆ.

ಕಾನೂನಿನ ಬಲ ಯಾವ ಕಾಗದಕ್ಕೆ?

ಹವಾಮಾನ ಕ್ರಿಯಾ ಯೋಜನೆಯೂ ಮಾಸ್ಟರ್ ಪ್ಲಾನೂ ಒಂದೇ ಎಂದು ತಿಳಿದವರು ಬಹಳ. ಎರಡರ ತೂಕ ಬೇರೆ.

ಕ್ರಿಯಾ ಯೋಜನೆ ಒಂದು ನೀತಿ ದಾಖಲೆ. ಏನು ಮಾಡಬೇಕು, ಯಾವ ಇಲಾಖೆ ಮಾಡಬೇಕು, ಎಂದಿಗೆ ಮುಗಿಸಬೇಕು ಎಂದು ಹೇಳುತ್ತದೆ. ಮಾಸ್ಟರ್ ಪ್ಲಾನ್‌ಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಬಲವಿದೆ. ಯಾವ ಸರ್ವೆ ನಂಬರಿನಲ್ಲಿ ಮನೆ, ಎಲ್ಲಿ ಕೈಗಾರಿಕೆ, ಎಲ್ಲಿ ಉದ್ಯಾನ, ಕೆರೆಯಂಚಿನಿಂದ ಎಷ್ಟು ದೂರ ಕಟ್ಟಬಾರದು ಎಂಬುದನ್ನು ಬಣ್ಣ ಬಳಿದು ನಿಗದಿ ಮಾಡುವುದು ಅದು. ಅದರ ಜೊತೆಗಿರುವ ವಲಯ ನಿಯಮಗಳಲ್ಲಿ ಎಫ್‌ಎಆರ್, ಸೆಟ್‌ಬ್ಯಾಕ್ ಲೆಕ್ಕಗಳಿರುತ್ತವೆ. ಎಫ್‌ಎಆರ್ ಎಂದರೆ ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಡ ಎಬ್ಬಿಸಬಹುದು ಎಂಬ ಮಿತಿ. 1,200 ಚದರಡಿಗೆ ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರಡಿ. ಸೆಟ್‌ಬ್ಯಾಕ್ ಎಂದರೆ ಗೋಡೆಗೂ ಕಾಂಪೌಂಡಿಗೂ ನಡುವೆ ಬಿಡಬೇಕಾದ ಜಾಗ. ಮಳೆ ನೀರು ಮಣ್ಣಿಗಿಳಿಯಲು ಸೈಟಿನಲ್ಲಿ ಉಳಿದಿರುವ ಜಾಗವೂ ಅದೇ. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವ ಅಧಿಕಾರಿ ನೋಡುವುದು ಈ ನಿಯಮಗಳನ್ನು. ಹವಾಮಾನ ಯೋಜನೆಯ ಮಾತು ಈ ನಿಯಮದೊಳಗೆ ಇಳಿಯದಿದ್ದರೆ ಅದು ಒಳ್ಳೆಯ ಮಾತಾಗಿಯೇ ಉಳಿಯುತ್ತದೆ. ನಿವಾಸಿಗಳು ಯಾವ ಬಾಗಿಲು ತಟ್ಟಬೇಕು ಎಂಬುದಕ್ಕೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಈಗ ಜಾರಿಯಲ್ಲಿರುವುದು 2007ರಲ್ಲಿ ಒಪ್ಪಿಗೆ ಪಡೆದ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’. ಹೆಸರಲ್ಲೇ ಇರುವ ವರ್ಷ ಎಂದೋ ದಾಟಿದೆ, ಪ್ಲಾನ್ ಮಾತ್ರ ಬದಲಾಗಿಲ್ಲ. ಅದನ್ನು ಮಾಡಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ. 1992ರಲ್ಲಿ ಆದ ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿದೆ. ನಗರ ಯೋಜನೆಯೂ ಪರಿಸರ ರಕ್ಷಣೆಯೂ ಅದರಲ್ಲಿವೆ. ಆದರೂ ಬೆಂಗಳೂರಿನಲ್ಲಿ ದಶಕಗಳ ಕಾಲ ಯೋಜನೆ ಮಾಡಿದ್ದು ಜನರಿಂದ ಆಯ್ಕೆಯಾಗದ ಪ್ರಾಧಿಕಾರ. ಹೊಸ ವ್ಯವಸ್ಥೆಯಲ್ಲಿ ಆ ಅಧಿಕಾರ ಬಿಡಿಎಯಿಂದ ಜಿಬಿಎ ಕಡೆಗೆ ಸರಿದಿದೆ. ಜಿಬಿಎಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು, ಮೆಟ್ರೊ ಬಿಎಂಆರ್‌ಸಿಎಲ್‌ನದು. ನಿಮ್ಮ ಬೀದಿಯ ಮಳೆ ನೀರು ಯಾರದು ಎಂದು ಕೇಳಿದರೆ ಎರಡು ಮೂರು ಕಚೇರಿ ಸುತ್ತಬೇಕಾದೀತು.

ನಮ್ಮನ್ನು ಕೇಳುವುದು ಯಾವಾಗ?

ಜನರನ್ನು ಕೇಳಬೇಕು ಎಂಬ ನಿಯಮ ಇಲ್ಲ ಎಂದಲ್ಲ. ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನ್ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ, ಆಕ್ಷೇಪಣೆ ಪಡೆಯಬೇಕು. ತೊಡಕಿರುವುದು ಹೊತ್ತಿನಲ್ಲಿ.

ಮನೆ ಕಟ್ಟಿಸಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಪಾಯ ತೆಗೆಯುವ ಮುಂಚೆ ಎಂಜಿನಿಯರ್ ಜೊತೆ ಕೂತಾಗ ‘ಅಡುಗೆಮನೆ ಆಗ್ನೇಯಕ್ಕಿರಲಿ, ಅಮ್ಮನ ಕೋಣೆ ಕೆಳಗಿರಲಿ, ಮೆಟ್ಟಿಲು ಹೊರಗಿರಲಿ’ ಎಂದರೆ ಪೆನ್ಸಿಲಿನಲ್ಲಿ ಅಳಿಸಿ ಬರೆದುಕೊಡುತ್ತಾರೆ. ಮೋಲ್ಡಿಂಗ್ ಹಾಕಿದ ಮೇಲೆ ಅದೇ ಮಾತು ಹೇಳಿದರೆ ಬದಲಾಗುವುದು ಹೆಚ್ಚೆಂದರೆ ಗೋಡೆಯ ಬಣ್ಣ. ಕಂಬ ಅಲ್ಲಾಡುವುದಿಲ್ಲ.

ನಗರ ಯೋಜನೆಯಲ್ಲಿ ಜನರನ್ನು ಕೇಳುವುದು ಬಹುತೇಕ ಮೋಲ್ಡಿಂಗ್ ಆದ ಮೇಲೆ. 2031ರ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಹೊರಬಿತ್ತು. 2031ಕ್ಕೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆ ಎಂಬ ಅಂದಾಜಿನ ಮೇಲೆ ಮಾಡಿದ, ಸಂಪುಟಗಟ್ಟಲೆ ಪುಟಗಳ ಕರಡದು. ಅದನ್ನು ಓದಿ, ನಕ್ಷೆಯಲ್ಲಿ ತಮ್ಮ ಬೀದಿ ಹುಡುಕಿ, ಆಕ್ಷೇಪಣೆ ಬರೆಯಲು ಜನರಿಗೆ ಸಿಕ್ಕಿದ್ದು ಎರಡು ತಿಂಗಳು. ಆಕ್ಷೇಪಣೆಗಳು ಸಾವಿರಗಟ್ಟಲೆ ಬಂದವು. ಆ ಕರಡು ಕಡೆಗೂ ಜಾರಿಗೆ ಬರಲಿಲ್ಲ. ವರ್ಷಗಟ್ಟಲೆ ಕೆಲಸ, ಜನರ ಓದು ಬರಹ ಎಲ್ಲ ಕಡತಕ್ಕೆ ಸೇರಿತು.

ಯೋಜನೆಯ ಹೊತ್ತಿನಲ್ಲಿ ಕೇಳದಿದ್ದರೆ ಕಟ್ಟುವ ಹೊತ್ತಿಗೆ ಜನ ಬೀದಿಗೆ ಬರುತ್ತಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಮಾಡಲು 2016ರಲ್ಲಿ ಸರ್ಕಾರ ಹೊರಟಿತ್ತು. ಅಂದಾಜು ವೆಚ್ಚ 1,791 ಕೋಟಿ, ಕಡಿಯಬೇಕಿದ್ದ ಮರ 812. ಆ ವರ್ಷ ಅಕ್ಟೋಬರ್ 16ರಂದು ಜನ ಆ ದಾರಿಯುದ್ದಕ್ಕೂ ಕೈಕೈ ಹಿಡಿದು ನಿಂತರು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಫಲಕ ಊರೆಲ್ಲ ಕಂಡಿತು, ಪ್ರಕರಣ ಹಸಿರು ನ್ಯಾಯಮಂಡಳಿಗೂ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಾಗರಿಕರ ಗೆಲುವು ಎಂದು ಅದನ್ನು ಈಗಲೂ ನೆನೆಯುತ್ತಾರೆ, ಸರಿ. ಆದರೆ ಹೆಬ್ಬಾಳದ ದಟ್ಟಣೆಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಆ ದಿನ ಸಿಗಲಿಲ್ಲ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಸುತ್ತ ಅದೇ ಜಗ್ಗಾಟ, ಈ ಸಲ ಲಾಲ್‌ಬಾಗಿನ ಅಂಗಳದಲ್ಲಿ.

ಕೇಳಲೇಬೇಕಿಲ್ಲದ ಕಡೆಗಳೂ ಇವೆ. ಪರಿಸರ ಪರಿಣಾಮದ ಅಧ್ಯಯನಕ್ಕೆ ಸಂಬಂಧಿಸಿದ 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಗಣಿ, ದೊಡ್ಡ ಕೈಗಾರಿಕೆಗಳಿಗೆ ಸಾರ್ವಜನಿಕ ವಿಚಾರಣೆ ಬೇಕು. ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಅದರಿಂದ ವಿನಾಯಿತಿ. ಕೆರೆಯ ಪಕ್ಕ ಸಾವಿರ ಫ್ಲ್ಯಾಟಿನ ಗೋಪುರ ಏಳುವಾಗ ಕೆಳಗಿನ ಬಡಾವಣೆಯವರಿಗೆ ತಿಳಿಯುವುದು ಜೆಸಿಬಿ ಬಂದು ನಿಂತಾಗ.

ನಕ್ಷೆಗೆ ಗೊತ್ತಿಲ್ಲದ್ದು ಬೀದಿಗೆ ಗೊತ್ತು

ಜನರನ್ನು ಸೇರಿಸಿಕೊಳ್ಳುವುದು ಮರ್ಯಾದೆಯ ಮಾತು ಎಂಬಂತೆ ಎಷ್ಟೋ ಸಲ ಹೇಳುತ್ತಾರೆ. ಬೆಂಗಳೂರಿನ ಮಟ್ಟಿಗೆ ಅದಕ್ಕಿಂತ ಗಟ್ಟಿ ಕಾರಣವೊಂದಿದೆ, ಅದು ಈ ಊರಿನ ನೆಲದಲ್ಲೇ ಇದೆ.

ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರಿದು. ಹತ್ತಿರ ದೊಡ್ಡ ನದಿಯಿಲ್ಲ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳ ಕಡೆಗೆ ಹರಿದುಹೋಗುತ್ತದೆ. ಹಿಂದಿನವರು ಆ ಹರಿವಿಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಿದರು. ಒಂದು ಕೆರೆ ತುಂಬಿದರೆ ಕೋಡಿ ಬಿದ್ದು ಕಾಲುವೆಯಲ್ಲಿ ಮುಂದಿನ ಕೆರೆಗೆ. ಆ ಕಾಲುವೆಗಳೇ ಇಂದಿನ ರಾಜಕಾಲುವೆಗಳು. ಪಾಲಿಕೆಯ ಲೆಕ್ಕದಲ್ಲಿ ಅವುಗಳ ಉದ್ದ ಸುಮಾರು 860 ಕಿಲೋಮೀಟರ್. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆಯ ಹೂಳು ಎಷ್ಟಿದೆ, ಏರಿ ಎಲ್ಲಿ ಜಿನುಗುತ್ತಿದೆ ಎಂಬುದು ಅವನಿಗೆ ತಿಳಿದಿರುತ್ತಿತ್ತು. ಗದ್ದೆ ಲೇಔಟಾದ ಮೇಲೆ ನೀರುಗಂಟಿಯ ಕೆಲಸ ಹೋಯಿತು, ಆ ತಿಳಿವಳಿಕೆಯೂ ಚದುರಿತು. ನೀರು ಮಾತ್ರ ಈಗಲೂ ಅದೇ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ.

ಕಚೇರಿಯಲ್ಲಿ ಇವುಗಳ ಮಾಹಿತಿ ಇಲ್ಲವೆಂದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಗರದ ಉದ್ದಗಲಕ್ಕೂ ಮಳೆಮಾಪಕ ಇಟ್ಟಿದೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ, ‘ಮೇಘ ಸಂದೇಶ’ ಆ್ಯಪ್ ಇದೆ. ಎಷ್ಟು ಮಳೆ ಬಂತು ಎಂಬುದನ್ನು ಅವು ಹೇಳುತ್ತವೆ. ಮೂರನೇ ಕ್ರಾಸಿನ ಮೋರಿ ಕೆಳಗೆ ಕೇಬಲ್ಲಿನವರು ಬಿಟ್ಟುಹೋದ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡು ನೀರು ಹಿಂದಕ್ಕೆ ಒತ್ತುತ್ತದೆ ಎಂಬುದು ಅಲ್ಲಿಯ ಇಸ್ತ್ರಿ ಅಂಗಡಿಯವನಿಗೆ, ಹಾಲಿನ ಬೂತಿನವರಿಗೆ, ಬೆಳಗ್ಗೆ ಗುಡಿಸುವ ಪೌರಕಾರ್ಮಿಕರಿಗೆ ಗೊತ್ತು. ಯಾವ ವರ್ಷ ಯಾವ ಮನೆಯ ಎಷ್ಟನೇ ಮೆಟ್ಟಿಲವರೆಗೆ ನೀರು ಬಂತು ಎಂದು ಬೀದಿಯ ಹಿರಿಯರು ಗೋಡೆಯ ಗುರುತು ತೋರಿಸಿ ಹೇಳುತ್ತಾರೆ. ಉಪಗ್ರಹದ ಚಿತ್ರದಲ್ಲಿ ಆ ಗುರುತು ಕಾಣುವುದಿಲ್ಲ.

ಇಂಥ ತಿಳಿವಳಿಕೆ ಆರಂಭದಲ್ಲೇ ವಿನ್ಯಾಸಕ್ಕೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ನೋಡಬಹುದು. 2009ರ ಸುಮಾರಿಗೆ ಅದನ್ನು ಸರಿಮಾಡಲು ಹೊರಟಾಗ ಸುತ್ತಲಿನ ನಿವಾಸಿಗಳು, ಪರಿಸರ ತಜ್ಞರು, ಪಾಲಿಕೆಯ ಎಂಜಿನಿಯರ್‌ಗಳು ಒಟ್ಟಿಗೆ ಕೂತರು. ಅಪಾರ್ಟ್‌ಮೆಂಟಿನವರಿಗೆ ವಾಕಿಂಗ್ ದಾರಿ ಬೇಕಿತ್ತು, ಹಳೆಯ ಊರಿನವರಿಗೆ ದನಕ್ಕೆ ಹುಲ್ಲು ಬೇಕಿತ್ತು, ಹಕ್ಕಿಗಳಿಗೆ ಕೆರೆ ನಡುವಿನ ದಿಬ್ಬ ಬೇಕಿತ್ತು. ಎಲ್ಲಕ್ಕೂ ಜಾಗ ಸಿಕ್ಕಿತು. ಕೆರೆ ಸರಿಯಾದ ಮೇಲೂ ಅದನ್ನು ಕಾಯಲು ಸ್ಥಳೀಯರ ಟ್ರಸ್ಟ್ ನಿಂತಿತು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನೂ ನಿವಾಸಿಗಳ ಟ್ರಸ್ಟ್ ಪಾಲಿಕೆಯೊಂದಿಗೆ ಸೇರಿ ನೋಡಿಕೊಂಡಿತು. ನೆರೆಗೂ ಅಂತರ್ಜಲಕ್ಕೂ ಬಿಸಿಲಿಗೂ ಒಟ್ಟಿಗೆ ಮದ್ದಾಗುವ ಕೆಲಸ ಈ ಊರಿನಲ್ಲಿ ಯಾವುದಾದರೂ ಇದ್ದರೆ ಅದು ಕೆರೆ ಉಳಿಸುವುದು, ಆದ್ದರಿಂದಲೇ ಇಲ್ಲಿ ಇಷ್ಟು ಹೊತ್ತು ನಿಂತದ್ದು.

ವಾರ್ಡ್ ಸಮಿತಿ ಎಂಬ ಚಿಕ್ಕ ಬಾಗಿಲು

ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಕಾರ್ಪೊರೇಟರ್ ಅಧ್ಯಕ್ಷತೆಯಲ್ಲಿ ಬಡಾವಣೆಯ ಪ್ರತಿನಿಧಿಗಳು ತಿಂಗಳಿಗೊಮ್ಮೆ ಕೂತು ಚರಂಡಿ, ಕಸ, ಉದ್ಯಾನ, ಫುಟ್‌ಪಾತ್, ವಾರ್ಡಿನ ಹಣದ ಬಗ್ಗೆ ಮಾತಾಡುವ ಜಾಗ ಅದು. ಬೆಂಗಳೂರಿನಲ್ಲಿ ಅದು ಬಹಳ ಕಾಲ ಕಾಗದದಲ್ಲಿತ್ತು, ಹೈಕೋರ್ಟ್ ಒತ್ತಿದ ಮೇಲೆ ಸಭೆಗಳು ಶುರುವಾದವು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಬಳಿಕ ವರ್ಷಗಟ್ಟಲೆ ಊರಿಗೆ ಕಾರ್ಪೊರೇಟರೇ ಇರಲಿಲ್ಲ. ನೋಡಲ್ ಅಧಿಕಾರಿಗಳು ಸಭೆ ನಡೆಸಿದ ಕಡೆ ನಡೆಯಿತು, ಇಲ್ಲದ ಕಡೆ ಇಲ್ಲ.

ಹವಾಮಾನದ ಕೆಲಸಕ್ಕೆ ವಾರ್ಡ್ ಏಕೆ ಬೇಕು? 2050ರ ಗುರಿ ಎಷ್ಟು ದೊಡ್ಡದಾದರೂ ನೆಲಕ್ಕಿಳಿಯುವಾಗ ಅದು ಇಂಗುಗುಂಡಿ, ಬಸ್ ನಿಲ್ದಾಣದ ನೆರಳು, ಹಸಿ ಕಸದ ಗೊಬ್ಬರ ಘಟಕ, ಮಕ್ಕಳು ಶಾಲೆಗೆ ನಡೆದು ಹೋಗಬಹುದಾದ ಫುಟ್‌ಪಾತ್ ಆಗುತ್ತದೆ. ಇವೆಲ್ಲ ವಾರ್ಡ್ ಅಳತೆಯ ಕೆಲಸಗಳು. ಹಣದ ವಿಷಯದಲ್ಲೂ ಜನರ ಮಾತಿಗೆ ಜಾಗ ಮಾಡಿಕೊಟ್ಟ ಊರುಗಳಿವೆ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟಿನ ಒಂದು ಪಾಲನ್ನು ನೆರೆಹೊರೆಯ ಸಭೆಗಳಿಗೇ ಬಿಟ್ಟಿತು. ಸ್ಥಳೀಯ ಯೋಜನೆಗಳನ್ನು ಜನರೇ ಸೇರಿ ರೂಪಿಸುವ ‘ಜನಕೀಯ ಯೋಜನೆ’ಯನ್ನು ಕೇರಳ 1996ರಲ್ಲಿ ಆರಂಭಿಸಿತು. ನಮ್ಮಲ್ಲಿ 2015ರಿಂದ ಜನಾಗ್ರಹ ಸಂಸ್ಥೆ ಪಾಲಿಕೆಯ ಜೊತೆ ಸೇರಿ ‘ನನ್ನ ನಗರ ನನ್ನ ಬಜೆಟ್’ ನಡೆಸುತ್ತ ಬಂದಿದೆ. ಅಲ್ಲಿ ಜನ ಕೊಡುವುದು ಸಲಹೆ; ಪೋರ್ಟೊ ಅಲೆಗ್ರೆಯಲ್ಲಿ ಕೊಟ್ಟದ್ದು ತೀರ್ಮಾನ. ಸಹಭಾಗಿತ್ವ ಎಂಬ ಒಂದೇ ಹೆಸರಿನಡಿ ಎರಡೂ ನಡೆಯುತ್ತವೆ, ಹಾಗಾಗಿ ಯಾರಾದರೂ ‘ಜನರ ಜೊತೆ ಸಮಾಲೋಚನೆ ಆಗಿದೆ’ ಎಂದರೆ ಎಂಥದು ಎಂದು ಕೇಳಿ ನೋಡುವುದು ಒಳ್ಳೆಯದು.

‘ನಿವಾಸಿ’ ಎಂದರೆ ಯಾರು?

ಸಭೆ ಕರೆದಾಗ ಬರುವವರು ಸಾಮಾನ್ಯವಾಗಿ ನಿವಾಸಿ ಕ್ಷೇಮಾಭಿವೃದ್ಧಿ ಸಂಘದವರು. ಸ್ವಂತ ಮನೆ, ನಿವೃತ್ತಿ, ಸ್ವಲ್ಪ ಬಿಡುವು ಇರುವವರು. ಅವರ ಶ್ರಮ ದೊಡ್ಡದು, ಅವರಿಲ್ಲದಿದ್ದರೆ ಎಷ್ಟೋ ಕೆರೆಗಳು ಇರುತ್ತಿರಲಿಲ್ಲ. ಆದರೆ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆಯಿಟ್ಟರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸು ಬರಲಾರಳು, ಡೆಲಿವರಿ ಹುಡುಗ ಬರಲಾರ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರಿಗೆ ಸಂಘದಲ್ಲಿ ಮತವೇ ಇರುವುದಿಲ್ಲ. ತಗಡಿನ ಚಾವಣಿ ಕೆಳಗೆ ಏಪ್ರಿಲ್ ಕಳೆಯುವವರು, ರಾಜಕಾಲುವೆಯ ಪಕ್ಕ ಮಲಗುವವರು, ಬಿಸಿಲಲ್ಲಿ ರಸ್ತೆ ಗುಡಿಸುವವರು ಹವಾಮಾನದ ಪೆಟ್ಟನ್ನು ಮೊದಲು ತಿನ್ನುತ್ತಾರೆ; ಹಾಜರಿ ಪುಸ್ತಕದಲ್ಲಿ ಅವರ ಹೆಸರು ಅಪರೂಪ. ಬೀದಿ ವ್ಯಾಪಾರಿಗಳಿಗೆ ಮಾತ್ರ ಕಾನೂನು ಒಂದು ಕುರ್ಚಿ ಹಾಕಿದೆ: 2014ರ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ಅವರೇ ಆರಿಸಿ ಕಳಿಸಿದವರಾಗಿರಬೇಕು.

ನಗರದ ಗಡಿಯಾಚೆ ಇರುವವರ ಮಾತೂ ಇದೆ. ವರ್ಷಗಟ್ಟಲೆ ಬೆಂಗಳೂರಿನ ಕಸ ಮಂಡೂರಿಗೆ ಹೋಯಿತು. ವಾಸನೆ, ನೊಣ, ಕೆಟ್ಟ ನೀರು ಆ ಊರಿನವರಿಗೆ. ನಗರದ ಸಭೆಗಳಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಅವರು ಲಾರಿ ತಡೆದು ಹೋರಾಡಿದ ಮೇಲೆ 2014ರ ನವೆಂಬರ್ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಮರುವರ್ಷ ಹೈಕೋರ್ಟ್ ಹಸಿ ಕಸ, ಒಣ ಕಸ ಮನೆಯಲ್ಲೇ ಬೇರ್ಪಡಿಸುವ ‘ಎರಡು ಬುಟ್ಟಿ ಒಂದು ಚೀಲ’ದ ಪದ್ಧತಿಯನ್ನು ನಗರಕ್ಕೆಲ್ಲ ಹೇಳಿತು. ಹಸಿ ಕಸ ಗುಡ್ಡೆಯಾಗಿ ಕೊಳೆತರೆ ಮಿಥೇನ್ ಹುಟ್ಟುತ್ತದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಅಡುಗೆಮನೆಯ ಹಸಿರು ಬುಟ್ಟಿ ಹವಾಮಾನ ಯೋಜನೆಯ ಪಟ್ಟಿಯಲ್ಲಿರುವುದು ಈ ಕಾರಣಕ್ಕೆ.

ಜನರನ್ನು ಕೇಳಿದ ಮಾತ್ರಕ್ಕೆ ಹವಾಮಾನಕ್ಕೆ ಒಳ್ಳೆಯದೇ ಆಗುತ್ತದೆ ಎಂದೇನಿಲ್ಲ. ಗೊಬ್ಬರ ಘಟಕ ಬೇಕು, ನಮ್ಮ ಬೀದಿಯಲ್ಲಿ ಬೇಡ. ಬಸ್ ಬೇಕು, ಪಾರ್ಕಿಂಗ್ ಬಿಡುವುದಿಲ್ಲ. ಮರ ಬೇಕು, ಎಲೆ ಉದುರಿಸುವ ಮರ ನಮ್ಮ ಗೇಟಿನ ಮುಂದೆ ಬೇಡ. ಇಂಥ ಕಡೆ ಸಭೆಯಲ್ಲಿ ಗಟ್ಟಿ ದನಿಯಿದ್ದವರದೇ ನಡೆಯುತ್ತದೆ. ‘ಬೇಡ’ ಎನ್ನುವ ಚಳವಳಿಗಳ ಜೊತೆಗೆ ಈ ಊರು ‘ಬಸ್ ಭಾಗ್ಯ ಬೇಕು’, ‘ಚುಕು ಬುಕು ಬೇಕು’ ಎಂಬ ಬೇಡಿಕೆಗಳನ್ನೂ ಕಂಡಿದೆ. ಎರಡನೆಯದು ಕೇಳಿದ ಉಪನಗರ ರೈಲಿಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು: ನಾಲ್ಕು ಮಾರ್ಗ, 148 ಕಿಲೋಮೀಟರ್. ಕೆಲಸದ ವೇಗದ ಮಾತು ಇಲ್ಲಿ ಬೇಡ.

ಕೈಗೆಟಕುವ ದಾರಿಗಳು

ಮೊದಲು ನಿಮ್ಮ ಮನೆ ಯಾವ ಪಾಲಿಕೆ, ಯಾವ ವಾರ್ಡಿಗೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಿ. ಗಡಿ ಬದಲಾಗಿರುವುದರಿಂದ ಹಳೆಯ ವಾರ್ಡ್ ನಂಬರು ಕೆಲಸಕ್ಕೆ ಬರದು. ಆಮೇಲೆ ನಿಮ್ಮ ನೆಲದ ಹಳೆಯ ಗುರುತು ನೋಡಿ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಆ ಊರಿನ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ಬಂಡಿದಾರಿ ಎಲ್ಲ ಗೆರೆ ಎಳೆದಿರುತ್ತವೆ. ಮಾಸ್ಟರ್ ಪ್ಲಾನ್ 2015ರ ನಿಯಮದಲ್ಲಿ ಕೆರೆಯಿಂದ 30 ಮೀಟರ್, ದೊಡ್ಡ ರಾಜಕಾಲುವೆಯಿಂದ 50, ಮಧ್ಯಮದ್ದಕ್ಕೆ 25, ಚಿಕ್ಕದಕ್ಕೆ 15 ಮೀಟರ್ ಜಾಗ ಬಿಡಬೇಕಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದದ್ದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಹೊಸ ಕರಡು ಬಂದಾಗ ಮೊದಲು ಹುಡುಕಬೇಕಾದ ಅಂಕಿಗಳು ಇವೇ: ಈ ಮೀಟರುಗಳು ಹೆಚ್ಚಿದವೋ ಕಡಿಮೆಯಾದವೋ, ನಿಮ್ಮ ಗ್ರಾಮ ನಕ್ಷೆಯ ಕಾಲುವೆ ಹೊಸ ನಕ್ಷೆಯಲ್ಲೂ ಇದೆಯೋ ಇಲ್ಲವೋ.

ಆಕ್ಷೇಪಣೆ ಬರೆಯುವಾಗ ‘ಪರಿಸರ ಉಳಿಸಿ’ ಎಂದು ಬರೆದರೆ ಅದು ಗುಂಪಿನಲ್ಲಿ ಗೋವಿಂದ. ಸರ್ವೆ ನಂಬರು, ರಸ್ತೆಯ ಹೆಸರು, ನೀರು ನಿಂತ ದಿನಾಂಕ, ಫೋಟೊ, ಏನು ಬದಲಾಗಬೇಕು ಎಂಬ ಒಂದು ಸಾಲು ಇದ್ದರೆ ಉತ್ತರ ಕೊಡಲೇಬೇಕಾದ ಕಾಗದವಾಗುತ್ತದೆ. ಸ್ವೀಕೃತಿ ಪಡೆದಿಟ್ಟುಕೊಳ್ಳಿ. ದೂರು ಬೇರೆ, ಯೋಜನೆಗೆ ಸಲಹೆ ಬೇರೆ ಎಂಬುದೂ ನೆನಪಿರಲಿ: ಗುಂಡಿ ಮುಚ್ಚಿಸಲು ಸಹಾಯವಾಣಿ ಸಾಕು, ಆ ರಸ್ತೆಯ ನೀರು ಎಲ್ಲಿ ಇಳಿಯಬೇಕು ಎಂಬುದಕ್ಕೆ ವಾರ್ಡ್ ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ಮರದ ವಿಷಯದಲ್ಲಿ ಕಾನೂನು ತುಸು ಹೆಚ್ಚು ಅವಕಾಶ ಕೊಟ್ಟಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಒಂದು ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಗಡುವು ಚಿಕ್ಕದು, ಪ್ರಕಟಣೆ ಒಳಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಹಾಗಾಗಿ ಬಡಾವಣೆಯಲ್ಲಿ ಒಬ್ಬರಾದರೂ ಅದರ ಮೇಲೆ ಕಣ್ಣಿಟ್ಟಿರಬೇಕು.

ಕರಡು ಬರುವುದಕ್ಕೂ ಮುಂಚೆ, ಗೆರೆ ಇನ್ನೂ ಪೆನ್ಸಿಲಿನಲ್ಲಿರುವಾಗ ಕೇಳಲು ಒಂದು ಸಾಧನವಿದೆ. ಅದನ್ನು ಬಳಸುವವರು ಕಡಿಮೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಪ್ರಕಾರ ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗಲೇ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನು ಸರ್ಕಾರಿ ಕಚೇರಿ ತಾನಾಗಿ ಪ್ರಕಟಿಸಬೇಕು. ಹೊಸ ಮಾಸ್ಟರ್ ಪ್ಲಾನಿಗೆ ಯಾವ ನೆರೆ ನಕ್ಷೆ ಬಳಸುತ್ತಿದ್ದಾರೆ, 2023ರ ಹವಾಮಾನ ಯೋಜನೆಯ ಯಾವ ಯಾವ ಅಂಶ ವಲಯ ನಿಯಮಕ್ಕೆ ಸೇರುತ್ತಿದೆ, ನಿಮ್ಮ ವಾರ್ಡಿನ ತಗ್ಗು ಪ್ರದೇಶಗಳ ಪಟ್ಟಿಯಲ್ಲಿ ಏನಿದೆ ಎಂದು ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಕೇಳಬಹುದು. ಉತ್ತರಕ್ಕೆ ಗಡುವು 30 ದಿನ. ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು.